ನಲವತ್ತೊಂದನೇ ಪೆಟ್ಟಿಗೆ

"ಒಂಬತ್ತು ಕಿಲೋ ನಾನೂರು," ಎಂದಳು ಬೈಂಡರಮ್ಮ, ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆ. "ಚೀಟೀಲಿ ಎಷ್ಟು ಬರ್ದಿದ್ದೀರಿ, ಓದಿ."

ಸಂಘದ ಕಾರ್ಯದರ್ಶಿಗಳು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಮರದ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ್ದ ಚೀಟಿಯ ಮೇಲೆ ಬಗ್ಗಿದರು. ರೈಲ್ವೆಯಿಂದ ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದಿದ್ದರೂ ಊರೆಲ್ಲ ಅವರನ್ನು ಸ್ಟೇಷನ್ ಮಾಸ್ತರು ಎಂದೇ ಕರೆಯುತ್ತಿತ್ತು.

"ಪೆಟ್ಟಿಗೆ ನಂಬರ್ ನಲವತ್ತೊಂದು. ಒಂಬತ್ತು ಕಿಲೋ ನಾನೂರು. ನನ್ನದೇ ಕೈಬರಹ."

"ಈಗ ಒಳಗಿರೋದು ಬರೀ ಹಳೇ ಪೇಪರು. ಅದೂ ಅಷ್ಟೇ ತೂಗ್ತಿದೆ."

"ಕಳ್ಳ ಬುದ್ಧಿವಂತ. ಪುಸ್ತಕದ ತೂಕಕ್ಕೆ ಸರಿಯಾಗಿ ಪೇಪರು ತುಂಬಿಸಿದ್ದಾನೆ."

"ಎಷ್ಟೇ ನೋಡಿ ತುಂಬಿದ್ರೂ ಐವತ್ತು ನೂರು ಗ್ರಾಂ ಹೆಚ್ಚುಕಮ್ಮಿ ಆಗ್ಲೇಬೇಕು, ಮಾಸ್ತರೇ. ಇಲ್ಲಿ ಒಂದು ಗ್ರಾಂ ವ್ಯತ್ಯಾಸ ಇಲ್ಲ. ನೀವು ಗೋಡೌನಲ್ಲಿ ತೂಕಕ್ಕೆ ಹಾಕಿದ್ದು ಪುಸ್ತಕಾನಲ್ಲ. ಈ ಪೇಪರನ್ನೇ."

ಸ್ಟೇಷನ್ ಮಾಸ್ತರು ಚೀಟಿಯನ್ನು ಮತ್ತೊಮ್ಮೆ ಓದಿದರು.

ಪರಂಪರೆ ಸಂಘದ ಪಟ್ಟಿಯಲ್ಲಿ ಒಂದನೇ ನಂಬರಿನ ವಸ್ತು, ಅಂದರೆ ಊರಿಗೆ ಮೊದಲು ನೀರು ಕೊಟ್ಟ ಬಾವಿ ತೋಡಿದ ಕಾಲದ ದಿನವಹಿ, ಹಿಂದಿನ ದಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಾಣೆಯಾಗಿತ್ತು. ನಗರಸಭೆಯ ತಪಾಸಣೆ ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ.

ಆ ತಪಾಸಣೆಯ ಮೇಲೆಯೇ ಎಲ್ಲ ನಿಂತಿತ್ತು. ಸಂಘ ಹುಟ್ಟಿ ನಲವತ್ತು ವರ್ಷವಾಗಿದ್ದರೂ ಅದಕ್ಕೊಂದು ಸ್ವಂತ ಸೂರು ಎಂಬುದಿರಲಿಲ್ಲ. ಮೊದಲು ಶಾಲೆಯ ಹಿಂದಿನ ಕೋಣೆ, ಆಮೇಲೆ ಬಟ್ಟೆ ಅಂಗಡಿಯ ಮಹಡಿ, ಆಮೇಲೆ ಮುಚ್ಚಿಹೋದ ಸಿನಿಮಾ ಮಂದಿರ, ಕೊನೆಗೆ ಇಲಿಗಳ ಜೊತೆ ಪಾಲು ಹಂಚಿಕೊಂಡು ಕಾಳಿನ ಗೋಡೌನು. ಹನ್ನೊಂದು ಸಾವಿರ ಪುಸ್ತಕ, ಎಂಟು ನೂರ ಚಿಲ್ಲರೆ ವಸ್ತುಗಳನ್ನು ಕಟ್ಟಿ, ಹೊತ್ತು, ಬಿಚ್ಚಿ, ಜೋಡಿಸಿ, ಮತ್ತೆ ಕಟ್ಟಿ ಸಂಘದವರ ಬೆನ್ನು ಬಾಗಿತ್ತು. ಈಗ ಹದಿನಾಲ್ಕು ವರ್ಷ ಅರ್ಜಿ ಹಿಡಿದು ಅಲೆದ ಮೇಲೆ ನಗರಸಭೆ ಹಳೆಯ ಪಂಪ್‌ಹೌಸನ್ನು ಶಾಶ್ವತವಾಗಿ ಬಿಟ್ಟುಕೊಡಲು ಒಪ್ಪಿತ್ತು. ಸಾಮಾನೆಲ್ಲ ಆಗಲೇ ಇಲ್ಲಿಗೆ ಬಂದಿಳಿದಿತ್ತು. ಷರತ್ತು ಒಂದೇ. ಪಟ್ಟಿಯಲ್ಲಿರುವ ಪ್ರತಿ ವಸ್ತುವೂ ಕಣ್ಣಿಗೆ ಕಾಣಬೇಕು, ಅದರಲ್ಲೂ ದಿನವಹಿ ಕಡ್ಡಾಯ. ಪಂಪ್‌ಹೌಸ್ ಹುಟ್ಟಿದ ಕತೆಯನ್ನು ಹೇಳುವ ಪುಸ್ತಕವೇ ಇಲ್ಲದಿದ್ದರೆ ಆ ಮನೆ ನಿಮಗೇಕೆ ಎಂದು ನಗರಸಭೆಯ ಇಂಜಿನಿಯರ್ ಮೇಡಂ ಸಭೆಯಲ್ಲಿ ನೇರವಾಗಿಯೇ ಕೇಳಿದ್ದರು.

ಪೊಲೀಸರಿಗೆ ಹೇಳಿದರೆ ಸುದ್ದಿ ಅರ್ಧ ಗಂಟೆಯಲ್ಲಿ ನಗರಸಭೆ ಮುಟ್ಟುತ್ತಿತ್ತು. ಅದಕ್ಕೇ ಸಂಘದವರು ಬೈಂಡರಮ್ಮನ ಕಡೆ ತಿರುಗಿದ್ದು. ಮೂವತ್ತು ವರ್ಷದಿಂದ ಸಂಘದ ಹರಿದ ಪುಸ್ತಕಗಳಿಗೆಲ್ಲ ಹೊಲಿಗೆ ಹಾಕಿದವಳು ಅವಳು. ಯಾವ ಪುಸ್ತಕವನ್ನು ಯಾರು ಎರವಲು ಒಯ್ದು ಅದರಲ್ಲಿ ಎಣ್ಣೆ ಕೈ ಒರೆಸಿದ್ದಾರೆ ಎಂಬುದನ್ನು ಹಾಳೆ ಮೂಸಿ ಹೇಳಬಲ್ಲಳು ಎಂಬ ಖ್ಯಾತಿ ಅವಳಿಗಿತ್ತು. ಅರ್ಧ ತಮಾಷೆ, ಅರ್ಧ ನಿಜ.

"ಹಾಗಾದ್ರೆ ಆ ಗಡ್ಡದ ಲಾರಿಯವನು?" ಸ್ಟೇಷನ್ ಮಾಸ್ತರು ಕೇಳಿದರು. "ಗೋಡೌನಿಂದ ಇಲ್ಲಿಗೆ ಇಪ್ಪತ್ತು ನಿಮಿಷದ ದಾರಿ. ಅವನ ಲಾರಿ ಒಂದು ಗಂಟೆ ತಗೊಂಡಿದೆ. ನಲವತ್ತು ನಿಮಿಷ ಲೇಟು. ಅದಕ್ಕೆ ಲೆಕ್ಕ ಬೇಡ್ವಾ?"

"ಬೇಕು. ಕರೀರಿ ಅವನನ್ನ."

ಲಾರಿ ಚಾಲಕ ಬಾಗಿಲಲ್ಲೇ ನಿಂತ. ಗಡ್ಡ ಎದೆಯವರೆಗೆ ಇತ್ತು, ಕಣ್ಣು ಕೆಂಪಗಿತ್ತು. ನಿನ್ನೆಯಿಂದ ತನ್ನನ್ನು ಎಲ್ಲರೂ ಹೇಗೆ ನೋಡುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು.

"ದಾರೀಲಿ ಯಾಕಪ್ಪಾ ನಿಲ್ಸಿದ್ದೆ?" ಬೈಂಡರಮ್ಮ ಕೇಳಿದಳು.

"ಹೇಳಿದ್ರೆ ನಗ್ತೀರಿ, ಅಕ್ಕಾ."

"ನಗಲ್ಲ, ಹೇಳು."

"ಆ ಸೂಲಗಿತ್ತಿ ಅಜ್ಜಿ ಪೆಟ್ಟಿಗೆ ಇತ್ತಲ್ಲ, ಗಾಜಿನ ಶೀಶೆ ಇರೋದು. ತಿರುವಿನಲ್ಲಿ ಅದು ಕಿಣಿಕಿಣಿ ಅಂತು. ನಮ್ಮಮ್ಮಂಗೆ ಹೆರಿಗೆ ಮಾಡಿಸಿದ್ದು ಆ ಅಜ್ಜೀನೇ. ನಾನು ಈ ಲೋಕಕ್ಕೆ ಬಂದಿದ್ದು ಅವಳ ಕೈ ಮೇಲೆ. ಲಾರಿ ನಿಲ್ಸಿ, ಮೂರು ಪೆಟ್ಟಿಗೆ ಇಳಿಸಿ, ಆ ಶೀಶೆಗೆಲ್ಲ ನನ್ನ ಅಂಗಿ, ಟವಲು ಸುತ್ತಿ ಮತ್ತೆ ಏರಿಸಿದೆ. ಬನೀನಲ್ಲೇ ಇಲ್ಲಿಗೆ ಬಂದೆ. ಮಾಸ್ತರು ನೋಡಿದ್ದಾರೆ."

ಸ್ಟೇಷನ್ ಮಾಸ್ತರು ಕೆಮ್ಮಿದರು. "ಬನೀನಲ್ಲಿದ್ದ ನಿಜ. ನಾನು ಸೆಕೆ ಅಂದ್ಕೊಂಡೆ."

"ನೂರಾ ಹನ್ನೆರಡು ಪೆಟ್ಟಿಗೆ ತಂದಿದ್ದೀನಿ. ಒಂದು ಲೋಟ ಬಿರುಕು ಬಿಟ್ಟಿದ್ರೆ ತೋರಿಸಿ. ಕಳ್ಳ ಅಂತ ಅನ್ನೋದಾದ್ರೆ ಆಮೇಲೆ ಅನ್ನಿ."

"ಯಾರೂ ಅನ್ನಲ್ಲ," ಎಂದಳು ಬೈಂಡರಮ್ಮ. "ನಿನ್ನ ಲಾರಿ ಹತ್ತೋ ಮುಂಚೆನೇ ಆ ಪುಸ್ತಕ ಹೋಗಿತ್ತು. ಮಾಸ್ತರೇ, ಇವನಿಗೆ ಒಂದು ಮಾತು ಹೇಳ್ಬೇಕಲ್ಲ ನೀವು."

ಸ್ಟೇಷನ್ ಮಾಸ್ತರು ಎದ್ದು, ಚಾಲಕನ ಕೈ ಹಿಡಿದು, "ತಪ್ಪಾಯ್ತಪ್ಪಾ, ಸಿಗ್ನಲ್ ನೋಡ್ದೆ ಗಾಡಿ ಬಿಟ್ಟೆ," ಎಂದರು. ಅವನು ನಗಲಿಲ್ಲ. ಆದರೆ ಹೋಗುವಾಗ ತಲೆ ಎತ್ತಿಕೊಂಡು ಹೋದ.

ಉಳಿದದ್ದು ಬಟ್ಟೆಯ ಗಂಟು. ದಿನವಹಿ ಇದ್ದದ್ದು ಗೋಡೌನಿನ ಗಾಜಿನ ಕಪಾಟಿನಲ್ಲಿ. ಪೆಟ್ಟಿಗೆಗಳನ್ನು ತುಂಬುವ ದಿನ ಸ್ಟೇಷನ್ ಮಾಸ್ತರು ಕಪಾಟು ತೆರೆದಾಗ ಅದು ಆಗಲೇ ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಅಚ್ಚುಕಟ್ಟಾಗಿ ಕೂತಿತ್ತಂತೆ. ಅವರು ಎತ್ತಿ ಹಾಗೆಯೇ ಪೆಟ್ಟಿಗೆಗಿಟ್ಟರಂತೆ.

"ನೀವೇ ಕಟ್ಟಿಟ್ಟಿದ್ದು ಅಂದ್ಕೊಂಡೆ," ಎಂದರು ಅವರು.

"ನಾನು ನೀವು ಅಂದ್ಕೊಂಡೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಪಾಟಿಗೆ ಮೂರು ಬೀಗದ ಕೈ. ಒಂದು ಇವರದು, ಒಂದು ಅವಳದು. ಮೂರನೆಯದು ಯಾರದೆಂದು ಹೇಳಲು ಸ್ಟೇಷನ್ ಮಾಸ್ತರಿಗೆ ಧೈರ್ಯ ಬರಲಿಲ್ಲ.

ಬೈಂಡರಮ್ಮ ಆ ದಾರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಿನ್ನೆ ಬಟ್ಟೆ ಬಿಚ್ಚುವಾಗ ಅವಳು ಗಂಟನ್ನು ಬಿಟ್ಟು ಪಕ್ಕದಲ್ಲಿ ಕತ್ತರಿಸಿದ್ದಳು. ಗಂಟು ಬಿಚ್ಚಬಾರದು ಎಂಬುದು ಅವಳ ಕೈಗೆ ಅಂಟಿಕೊಂಡ ಅಭ್ಯಾಸ. ಅಂಗಡಿಯವರು ಹಾಕುವ ಗಂಟು ಒಂದು ಬಗೆ, ದರ್ಜಿಗಳದು ಒಂದು ಬಗೆ, ಹಮಾಲರದು ಇನ್ನೊಂದು. ಇದು ಮೂರೂ ಅಲ್ಲ. ಮೊದಲ ಸುತ್ತಿನಲ್ಲಿ ದಾರವನ್ನು ಎರಡು ಸಲ ತಿರುವಿ, ಅದರ ಮೇಲೆ ಎದುರು ದಿಕ್ಕಿನಿಂದ ಒಂದು ಗಂಟು ಬಿಗಿದು, ತುದಿಗಳನ್ನು ಗೋಧಿ ಕಾಳಿನಷ್ಟು ಮಾತ್ರ ಬಿಟ್ಟು ಕತ್ತರಿಸಲಾಗಿತ್ತು.

ಅವಳ ಎಡಗೈ ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹೊಲಿಗೆಯ ಗುರುತಿತ್ತು. ಎರಡು ವರ್ಷದ ಹಿಂದೆ ರಟ್ಟು ಕೊಯ್ಯುವ ಚಾಕು ಜಾರಿದಾಗ ಹಾಕಿದ್ದು. ನೋವಿದ್ದರೂ ಹೊಲಿಗೆ ಕಂಡರೆ ಅವಳ ಕಣ್ಣು ಸುಮ್ಮನಿರುವುದಿಲ್ಲ. ಮೊದಲ ಸುತ್ತು ಎರಡು ಸಲ ಯಾಕೆ ಎಂದು ಅವತ್ತು ಕೇಳಿಯೂ ಕೇಳಿದ್ದಳು. ಮೇಲಿನ ಗಂಟು ಬೀಳುವವರೆಗೆ ಕೆಳಗಿನದು ಸಡಿಲಾಗಬಾರದಲ್ಲ, ಎಂದು ಹೊಲಿಯುತ್ತಿದ್ದವರು ನಕ್ಕು ಹೇಳಿದ್ದರು.

ಅವಳು ದಾರವನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಎದೆಯ ಮೇಲೆ ಯಾರೋ ರುಬ್ಬುವ ಕಲ್ಲು ಇಟ್ಟಂತಾಯಿತು.

ಪಂಪ್‌ಹೌಸಿನ ಹೊರಗೆ ಹೋಗಬೇಕಾದರೆ ದೊಡ್ಡ ಹಜಾರವನ್ನು ದಾಟಬೇಕು. ಅದನ್ನು ದಾಟುವುದೆಂದರೆ ಎರಡು ದಿನದಿಂದ ಯಾರಿಗೂ ಸುಲಭವಾಗಿರಲಿಲ್ಲ, ಕಾಲು ತಾನಾಗಿ ನಿಂತುಬಿಡುತ್ತಿತ್ತು. ಎರಡಾಳೆತ್ತರದ ಕಿಟಕಿಗಳಿಂದ ಬೆಳಕು ಇಳಿಜಾರಾಗಿ ಬೀಳುತ್ತಿತ್ತು. ನಡುವೆ ಹಳೆಯ ಪಂಪಿನ ಕಬ್ಬಿಣದ ಚಕ್ರ, ಎಣ್ಣೆ ಒರೆಸಿಕೊಂಡು ಮದುಮಗನಂತೆ ಹೊಳೆಯುತ್ತಿತ್ತು. ಸುತ್ತ ಬಡಗಿಗಳು ನಿಲ್ಲಿಸಿದ ಕಪಾಟುಗಳಲ್ಲಿ ಪುಸ್ತಕಗಳು ಮೊದಲ ಸಲ ಒಂದರ ಮೇಲೊಂದು ಬೀಳದೆ, ನೆಟ್ಟಗೆ ನಿಂತಿದ್ದವು. ಗೋಡೆಯುದ್ದಕ್ಕೂ ಊರಿನವರು ಕೊಟ್ಟ ವಸ್ತುಗಳು. ಕ್ಷೌರಿಕನ ಚರ್ಮದ ಪಟ್ಟಿ, ದರ್ಜಿಯ ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಊರಿಗೆ ಬಂದ ಮೊದಲ ಬಸ್ಸಿನ ಹಿತ್ತಾಳೆ ಹಾರನ್ನು, ಶಾಲೆಯ ಒಡೆದ ಗಂಟೆ.

ನಡುವಯಸ್ಸಿನ ಹೆಂಗಸೊಬ್ಬಳು ಕಂಡಕ್ಟರ್ ಚೀಲದ ಮುಂದೆ ನಿಂತು ಪಕ್ಕದವಳಿಗೆ ಹೇಳುತ್ತಿದ್ದಳು: "ಇದು ನಮ್ಮಪ್ಪಂದು. ಇಪ್ಪತ್ತೆಂಟು ವರ್ಷ ಈ ಚೀಲ ಹೆಗಲಿಂದ ಇಳಿಸಿರ್ಲಿಲ್ಲ. ಮನೇಲಿದ್ದಾಗ ಅಟ್ಟದ ಮೇಲೆ ಬಿಸಾಕಿದ್ವಿ. ಇಲ್ನೋಡು, ಗಾಜಿನೊಳಗೆ, ಹೆಸರು ಹಾಕಿ ಇಟ್ಟಿದ್ದಾರೆ."

ಅವಳು ಸೀರೆಯ ಅಂಚಿನಿಂದ ಗಾಜನ್ನು ಒರೆಸಿದಳು. ಗಾಜು ಆಗಲೇ ಸ್ವಚ್ಛವಾಗಿತ್ತು.

ನಾಳೆ ಹನ್ನೊಂದಕ್ಕೆ ಪಟ್ಟಿ ಹೊಂದದಿದ್ದರೆ ಇದನ್ನೆಲ್ಲ ಮತ್ತೆ ಗೋಣಿಚೀಲಕ್ಕೆ ತುಂಬಬೇಕು ಎಂಬುದು ಬೈಂಡರಮ್ಮನ ತಲೆಯೊಳಗೆ ಬಂದು ಕೂತಿತು. ಅವಳು ಚಪ್ಪಲಿ ಮೆಟ್ಟಿ ಬಿರಬಿರನೆ ನಡೆದಳು.

*

ಡಾಕ್ಟರ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದ ಕೊನೆಯ ರೋಗಿ ಹೊರಗೆ ಬರುತ್ತಿದ್ದ. ಸಂಘದ ಅಧ್ಯಕ್ಷರಾದ ಡಾಕ್ಟರಿಗೆ ಎಪ್ಪತ್ತಾರು. ಕೈ ಇನ್ನೂ ನಡುಗುವುದಿಲ್ಲ ಎಂಬುದು ಅವರ ಹೆಮ್ಮೆ. ಪಂಪ್‌ಹೌಸಿಗಾಗಿ ಹದಿನಾಲ್ಕು ವರ್ಷ ನಗರಸಭೆಯ ಮೆಟ್ಟಿಲು ಸವೆಸಿದವರು ಅವರೇ.

"ಬನ್ನಿ ಬೈಂಡರಮ್ಮಾ, ಮತ್ತೆ ಬೆರಳು ಕೊಯ್ಕೊಂಡ್ರಾ?"

"ಇಲ್ಲ ಡಾಕ್ಟ್ರೇ. ಹೊಲಿಗೆ ತೋರಿಸೋಣ ಅಂತ ಬಂದೆ."

ಅವಳು ಸೆರಗಿನ ಗಂಟು ಬಿಚ್ಚಿ ದಾರವನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ತನ್ನ ಎಡಗೈಯನ್ನೂ ಇಟ್ಟಳು.

ಡಾಕ್ಟರು ದಾರ ನೋಡಿದರು. ಕೈ ನೋಡಿದರು. ಆಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಯಾರ್ಯಾರಿಗೆ ಗೊತ್ತು?"

"ನಂಗೆ. ಮಾಸ್ತರಿಗೆ ಅನುಮಾನ ಬಂದಿದೆ, ನಂಬೋಕೆ ಮನಸ್ಸಿಲ್ಲ. ನಂಗೂ ಇರ್ಲಿಲ್ಲ."

"ಬೇರೆ ಯಾರಾದ್ರೂ ಆ ಗಂಟು ಹಾಕಿರ್ಬಹುದಲ್ಲ."

"ಹಾಕಿರ್ಬಹುದು. ಹಾಗಂತ ಹೇಳಿ, ಎದ್ದು ಹೋಗ್ತೀನಿ."

ಡಾಕ್ಟರು ಕುರ್ಚಿಯಲ್ಲಿ ಕೂತು ಗೋಡೆಯ ಕಡೆ ನೋಡಿದರು. ಅಲ್ಲಿ ಅವರ ತಾತನ ಪಟ. ತಲೆಗೆ ರುಮಾಲು, ಕೈಯಲ್ಲಿ ಅಳತೆಯ ಸರಪಳಿ, ಹಿಂದೆ ಅರ್ಧ ಎದ್ದ ಪಂಪ್‌ಹೌಸಿನ ಗೋಡೆ. ಊರಿಗೆ ನೀರು ತಂದ ಇಂಜಿನಿಯರ್. ದೊಡ್ಡ ಹಜಾರಕ್ಕೆ ಅವರ ಹೆಸರನ್ನೇ ಇಡಬೇಕೆಂದು ಸಂಘ ನಿರ್ಣಯ ಮಾಡಿ ಮೂರು ತಿಂಗಳಾಗಿತ್ತು.

"ಆ ಪುಸ್ತಕ ನಾನು ಯಾವತ್ತೂ ಪೂರ್ತಿ ಓದಿರ್ಲಿಲ್ಲ," ಎಂದರು ಡಾಕ್ಟರು. "ಮೊದಲ ನಾಲ್ಕು ಹಾಳೆ ಓದಿದ್ದೆ. ತಾತನ ಸಹಿ ನೋಡಿದ್ದೆ. ಅಷ್ಟು ಸಾಕಾಗಿತ್ತು. ಹಜಾರದ ಫಲಕಕ್ಕೆ ಎರಡು ಸಾಲು ಬೇಕಲ್ಲ ಅಂತ ಹದಿನೈದು ದಿನದ ಕೆಳಗೆ ಕೂತು ಓದಿದೆ. ನೀವು ಓದಿದ್ದೀರಾ ಅದನ್ನ?"

"ಇಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅದನ್ನ ಬಿಚ್ಚಿ ಹೊಸದಾಗಿ ಹೊಲಿದವಳು ನಾನೇ. ನಲವತ್ತು ದಿನ ಹಿಡೀತು. ಹೊಲಿಯೋವಾಗ ಓದೋಕೆ ಕೂತ್ರೆ ಕೆಲಸ ಸಾಗಲ್ಲ ಅಂತ ನಮ್ಮಪ್ಪ ಕಲಿಸಿದ್ರು. ಅಕ್ಷರ ನೋಡಲ್ಲ ನಾನು. ಹಾಳೆ ನೋಡ್ತೀನಿ."

"ಪುಣ್ಯವಂತರು." ಅವರು ಪಟದಿಂದ ಕಣ್ಣು ತೆಗೆದರು. "ಬಾವಿ ಅರವತ್ತಡಿ ಇಳಿದಾಗ ಒಳಗಿನ ಮರದ ಕಟ್ಟು ಕೊಳೆತಿದೆ, ಆಳು ಇಳಿಸಬೇಡಿ ಅಂತ ಮೇಸ್ತ್ರಿ ಹೇಳ್ತಾನೆ. ಅದನ್ನ ಬರೆದಿದೆ. ಅದರ ಕೆಳಗೆ ನಮ್ಮ ತಾತನ ಕೈಬರಹದಲ್ಲಿ ಒಂದು ಸಾಲು. ‘ಕೆಲಸ ನಿಲ್ಲಿಸತಕ್ಕದ್ದಲ್ಲ.’ ಮಾರನೇ ದಿನದ ಹಾಳೇಲಿ ಹದಿನೇಳು ಹೆಸರು. ಬಾವಿ ಕುಸಿದು ಸತ್ತವರದ್ದು."

ಅವರು ಮೇಜಿನ ಮೇಲಿನ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ನಾನು ಹುಟ್ಟಿದಾಗಿಂದ ‘ನೀರಿನ ತಾತನ ಮೊಮ್ಮಗ’. ಶಾಲೇಲಿ ಹಾಗೇ ಕರೆದ್ರು, ಕಾಲೇಜಲ್ಲಿ ಹಾಗೇ ಕರೆದ್ರು. ಡಾಕ್ಟರಾಗಿದ್ದೂ ಅವರ ಹೆಸರಿಗೆ ತಕ್ಕಂತೆ ಇರಬೇಕು ಅಂತ. ತಪಾಸಣೆ ದಿನ ಮೇಡಂ ಆ ಪುಸ್ತಕ ತೆರೀತಾರೆ, ಎಲ್ಲರ ಮುಂದೆ ಓದ್ತಾರೆ. ಒಂದು ಹಾಳೆ. ಬರೀ ಒಂದು ಹಾಳೆ ಹರಿದುಬಿಟ್ರೆ ಸಾಕಿತ್ತು. ಪುಸ್ತಕ ಮನೆಗೆ ತಂದೆ. ಅದರ ಜಾಗದಲ್ಲಿ ಪೇಪರು ಕಟ್ಟಿಟ್ಟೆ. ಹಾಳೆ ಹರಿದು, ನೀವು ಪೆಟ್ಟಿಗೆ ಬಿಚ್ಚೋ ಮುಂಚೆ ವಾಪಸ್ ಇಡೋಣ ಅಂತ."

"ಹರಿದ್ರಾ?"

"ಹನ್ನೊಂದು ದಿನ ಆಯ್ತು. ದಿನಾ ತೆಗೀತೀನಿ. ಆ ಹದಿನೇಳು ಹೆಸರು ಓದ್ತೀನಿ. ಮುಚ್ಚಿಡ್ತೀನಿ." ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ಎಷ್ಟೋ ಜನರ ಹೊಟ್ಟೆ ಕೊಯ್ದಿದೆ ಈ ಕೈ. ಒಂದು ಕಾಗದ ಹರಿಯೋಕೆ ಆಗ್ಲಿಲ್ಲ."

ಬೈಂಡರಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ, ದಾರಿಯುದ್ದಕ್ಕೂ. ಈಗ ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಗಡ್ಡದವನನ್ನ ನಿನ್ನೆಯಿಂದ ಸಂಘದವರೆಲ್ಲ ಕಳ್ಳ ಅಂತ ನೋಡ್ತಿದ್ದಾರೆ, ಡಾಕ್ಟ್ರೇ. ಅದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ರಿ. ನಂಗೆ ಬೇಜಾರಾಗಿದ್ದು ಅದಕ್ಕೆ."

ಡಾಕ್ಟರು ತಲೆ ತಗ್ಗಿಸಿದರು. "ನಾನೇ ಅವನ ಹತ್ರ ಹೋಗ್ತೀನಿ. ನಾನೇ ಹೇಳ್ತೀನಿ."

"ಮೊದಲು ಪುಸ್ತಕ ಕೊಡಿ."

ಅವರು ಔಷಧದ ಬೀರುವಿನ ಕೆಳಗಿನ ಖಾನೆ ತೆರೆದರು. ಬಿಳಿ ಟವಲಿನಲ್ಲಿ ಸುತ್ತಿದ್ದ ದೊಡ್ಡ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. ಕಂದು ಚರ್ಮದ ಮೂಲೆಗಳು, ನೀಲಿ ಬಟ್ಟೆಯ ಹೊದಿಕೆ. ಬೈಂಡರಮ್ಮನ ಮನಸ್ಸು ಒಮ್ಮೆ ಹಗುರವಾಯಿತು. ಬಹಳ ವರ್ಷದ ಮೇಲೆ ತವರಿಗೆ ಬಂದ ಮಗಳನ್ನು ನೋಡುವಂತೆ ಅದರ ಬೆನ್ನ ಮೇಲೆ ಕೈ ಆಡಿಸಿದಳು.

ಕೈ ಅರ್ಧದಲ್ಲಿ ನಿಂತಿತು.

ಅವಳು ಪುಸ್ತಕವನ್ನು ಮೂಗಿನ ಹತ್ತಿರ ತಂದಳು. ನಡುವೆ ತೆರೆದು ಹಾಳೆಗಳ ಬುಡ ನೋಡಿದಳು. ಮತ್ತೆ ಮೂಸಿದಳು.

"ಏನಾಯ್ತು?" ಎಂದರು ಡಾಕ್ಟರು.

"ನಾನು ಮೈದಾ ಅಂಟಿಗೆ ಮೈಲುತುತ್ತ ಹಾಕ್ತೀನಿ, ಹುಳ ಹಿಡೀಬಾರ್ದು ಅಂತ. ಎಷ್ಟು ವರ್ಷ ಆದ್ರೂ ಆ ಅಂಟಿನ ವಾಸನೆ ಪುಸ್ತಕ ಬಿಡಲ್ಲ. ಇದಕ್ಕೆ ಆ ವಾಸನೆ ಇಲ್ಲ. ಡಬ್ಬಿಯಿಂದ ತೆಗೆದ ಬಿಳಿ ಅಂಟು ಇದು." ಅವಳು ಉಗುರಿನಿಂದ ಒಂದು ಎಳೆಯನ್ನು ಮೀಟಿದಳು. "ನಾನು ಹೊಲಿದಿದ್ದು ಹತ್ತಿ ನೂಲಲ್ಲಿ, ಮೇಣ ಸವರಿ. ಇದು ನೈಲಾನು."

"ಅಂದ್ರೆ?"

"ಇದು ನನ್ನ ಹೊಲಿಗೆ ಅಲ್ಲ. ಇದು ಆ ಪುಸ್ತಕಾನೇ ಅಲ್ಲ, ಡಾಕ್ಟ್ರೇ."

"ಆದ್ರೆ ತಾತನ ಕೈಬರಹ, ಆ ಶಾಯಿ, ಹಳೇ ಹಾಳೆ..."

"ಹಾಳೆ ಹಳೇದೇ. ಖಾಲಿ ಹಳೇ ಲೆಡ್ಜರು ಹುಡುಕಿದ್ರೆ ಸಿಗುತ್ತೆ. ಅದರ ಮೇಲೆ ಯಾರೋ ಕೂತು, ಒಂದೊಂದೇ ಅಕ್ಷರ ನೋಡ್ಕೊಂಡು ಬರೆದಿದ್ದಾರೆ. ತಿಂಗಳುಗಟ್ಟಲೆ ಕೆಲಸ ಇದು. ಚೆನ್ನಾಗೂ ಮಾಡಿದ್ದಾರೆ. ಹೊದಿಕೆಯಂತೂ ನಾನೇ ಹಾಕಿದ ಹಾಗಿದೆ. ಕಪಾಟಿನ ಗಾಜಿನೊಳಗಿಟ್ಟು ಹೊರಗಿಂದ ನೋಡಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ. ಗೊತ್ತಾಗಲೂ ಇಲ್ಲ."

ಡಾಕ್ಟರು ಕುರ್ಚಿಯ ಕೈ ಹಿಡಿದುಕೊಂಡರು. "ಹಾಗಾದ್ರೆ ನಾನು ಕದ್ದಿದ್ದು..."

"ಕದ್ದಿದ್ದು ನಿಜ. ಆದ್ರೆ ನಿಮಗಿಂತ ಮುಂಚೆನೇ ಇನ್ಯಾರೋ ಅಸಲನ್ನ ಒಯ್ದಿದ್ದಾರೆ."

ಅವಳು ಪುಸ್ತಕವನ್ನು ಮಗುಚಿ ಹಾಕಿ ಬೆನ್ನನ್ನು ಒತ್ತಿ ನೋಡಿದಳು. ನಡುವೆ ಒಂದು ಕಡೆ ಬಟ್ಟೆಯ ಕೆಳಗೆ ಏನೋ ಉಬ್ಬಿತ್ತು. ಬೆನ್ನಿಗೆ ಒಳಗಿಂದ ಕಾಗದ ಅಂಟಿಸುವುದು ಎಲ್ಲ ಬೈಂಡರುಗಳ ವಾಡಿಕೆ. ಆದರೆ ಉಬ್ಬುವ ಹಾಗೆ ಮಡಚಿ ಯಾರೂ ಅಂಟಿಸುವುದಿಲ್ಲ.

"ಒಂದು ಬ್ಲೇಡು ಕೊಡಿ."

ಡಾಕ್ಟರು ಟ್ರೇಯಿಂದ ತಮ್ಮ ಸಣ್ಣ ಚಾಕುವನ್ನು ಕೊಟ್ಟರು. ಬೈಂಡರಮ್ಮ ನೀಲಿ ಬಟ್ಟೆಯನ್ನು ಅಂಚಿನುದ್ದಕ್ಕೂ ಕೊಯ್ದು ಹಣ್ಣಿನ ಸಿಪ್ಪೆಯಂತೆ ಬಿಡಿಸಿದಳು. ಒಳಗೆ ನಾಲ್ಕು ಮಡಿಕೆಯ ಚೀಟಿ. ಬಿಡಿಸಿ, ಜೀವಮಾನದಲ್ಲಿ ಮೊದಲ ಸಲ, ಒಂದು ಪುಸ್ತಕದ ಬೆನ್ನಿನಿಂದ ತನಗೇ ಬರೆದ ಕಾಗದವನ್ನು ಓದಿದಳು. ಗುಂಡಗಿನ, ನಿಧಾನದ ಅಕ್ಷರ.

‘ಬೈಂಡರಮ್ಮನವರಿಗೆ ನಮಸ್ಕಾರ. ಇದನ್ನು ಬಿಚ್ಚುವವರು ನೀವೇ ಎಂದು ಗೊತ್ತು. ಅಸಲು ಪುಸ್ತಕ ಕ್ಷೇಮವಾಗಿದೆ, ನಿಮ್ಮ ಹೊಲಿಗೆ ಒಂದೂ ಬಿಟ್ಟಿಲ್ಲ. ಅವತ್ತು ಬಾವಿಗೆ ಇಳಿದವರು ಹದಿನೇಳಲ್ಲ, ಹದಿನೆಂಟು. ಒಬ್ಬರು ಬದುಕಿ ಮೇಲೆ ಬಂದರು. ಅವರು ಹೇಳಿದ್ದನ್ನು ಅಸಲಿನಲ್ಲಿ ಬರೆದುಕೊಂಡಿದ್ದಾರೆ. ಇದರಲ್ಲಿ ನಾನು ಬೇಕೆಂದೇ ಬಿಟ್ಟಿದ್ದೇನೆ. ಪುಸ್ತಕ ಇಲಿಗಳ ನಡುವೆ ಇರಬಾರದು ಎಂದು ತಂದೆ. ಅದಕ್ಕೊಂದು ಕಾಯಂ ಮನೆ ಆಗಲಿ, ನಾನೇ ತಂದು ಒಪ್ಪಿಸುತ್ತೇನೆ.’

ಸಹಿ ಇರಲಿಲ್ಲ.

ಡಾಕ್ಟರು ಚೀಟಿಯನ್ನು ತೆಗೆದುಕೊಂಡು ತಾವೂ ಓದಿದರು. ಎರಡು ಸಲ ಓದಿದರು.

"ಬದುಕಿ ಬಂದವನು ಏನು ಹೇಳಿರ್ಬಹುದು? ನಮ್ಮ ತಾತನ ಬಗ್ಗೆ?"

"ನಂಗೇನು ಗೊತ್ತು?"

"ಇದಕ್ಕಿಂತ ಕೆಟ್ಟದ್ದೇ ಇರ್ಬಹುದು."

"ಇರ್ಬಹುದು. ಒಳ್ಳೇದೂ ಇರ್ಬಹುದು." ಬೈಂಡರಮ್ಮ ಚಾಕುವನ್ನು ಟ್ರೇಗೆ ಹಾಕಿದಳು. "ಈಗ ನೀವೇ ಹೇಳಿ, ಅಧ್ಯಕ್ಷರು ನೀವು. ನಾಳೆ ಈ ನಕಲನ್ನೇ ಮೇಡಂ ಮುಂದೆ ಇಟ್ರೆ ಪಟ್ಟಿ ಹೊಂದುತ್ತೆ. ಬೆನ್ನು ನಾನು ಇವತ್ತೇ ಮತ್ತೆ ಅಂಟಿಸಿ ಕೊಡಬಲ್ಲೆ. ಯಾರಿಗೂ ಗೊತ್ತಾಗಲ್ಲ. ಮನೆ ನಮ್ಮದಾಗುತ್ತೆ."

ಅವಳು ಅದನ್ನು ಯಾಕೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ. ಅವರನ್ನು ಪರೀಕ್ಷೆ ಮಾಡಲೆಂದೋ, ಗಾಜು ಒರೆಸುತ್ತಿದ್ದ ಆ ಹೆಂಗಸು ಕಣ್ಣ ಮುಂದೆ ಬಂದದ್ದಕ್ಕೋ.

ಡಾಕ್ಟರು ಪಟದ ಕಡೆ ತಿರುಗಲಿಲ್ಲ. ಚೀಟಿಯನ್ನು ಅದೇ ಮಡಿಕೆಯಲ್ಲಿ ಮಡಚಿ ಅವಳ ಕೈಗಿಟ್ಟರು.

"ನಲವತ್ತು ವರ್ಷ ಬೆನ್ನ ಮೇಲೆ ಹೊತ್ತಿದ್ದು ಸುಳ್ಳನ್ನಲ್ಲ, ಬೈಂಡರಮ್ಮಾ. ಈಗ ಮನೆ ಸಿಕ್ತು ಅಂತ ಸುಳ್ಳು ತಗೊಂಡು ಒಳಗೆ ಹೋಗೋಕೆ ನಂಗಾಗಲ್ಲ. ಪುಸ್ತಕ ನಾನು ತೆಗೆದಿದ್ದೆ, ಅದು ನಕಲು, ಅಸಲು ಎಲ್ಲಿದೆ ಗೊತ್ತಿಲ್ಲ. ನಾಳೆ ಮೇಡಂ ಮುಂದೆ ಇಷ್ಟನ್ನೂ ನಾನೇ ಹೇಳ್ತೀನಿ. ಹಜಾರಕ್ಕೆ ಹೆಸರು ಇಡೋದಾದ್ರೆ ಆ ಹದಿನೇಳು ಜನರದ್ದು ಮೊದಲು ಇಡ್ಲಿ."

ಎರಡು ಗಂಟೆಯ ಹಿಂದೆ ಎದೆಯ ಮೇಲೆ ಕೂತಿದ್ದ ರುಬ್ಬುವ ಕಲ್ಲು ಸರಿದಂತಾಯಿತು. ಈ ಮನುಷ್ಯನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ್ದಕ್ಕೆ ನಾಚಿಕೆಪಡಬೇಕಾಗಿಲ್ಲ ಎಂದುಕೊಂಡಳು ಬೈಂಡರಮ್ಮ. ಬಾಯಿಬಿಟ್ಟು ಹೇಳಲಿಲ್ಲ. "ನಾನೂ ಪಕ್ಕದಲ್ಲಿ ನಿಂತಿರ್ತೀನಿ," ಎಂದಳು ಅಷ್ಟೇ.

ಆಗಲೇ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಡಾಕ್ಟರು ಎತ್ತಿ, ಕೇಳಿ, ಅವಳ ಕಡೆ ಚಾಚಿದರು. "ಮಾಸ್ತರು. ನೀವೇ ಬೇಕಂತೆ."

"ಬೈಂಡರಮ್ಮಾ, ಬೇಗ ಬನ್ನಿ." ಸ್ಟೇಷನ್ ಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಂತಿತ್ತು. "ನಾಳೆ ಬರ್ಬೇಕಾದ ಗಾಡಿ ಇವತ್ತೇ ಪ್ಲಾಟ್‌ಫಾರಂಗೆ ಬಂದು ನಿಂತಿದೆ. ಇಂಜಿನಿಯರ್ ಮೇಡಂ ಇಲ್ಲೇ ಇದ್ದಾರೆ."

"ಒಬ್ಬರೇ ಬಂದಿದ್ದಾರಾ?"

"ಇಲ್ಲ, ಜೊತೇಲಿ ಒಬ್ಬ ವಯಸ್ಸಾದ ಹೆಂಗಸು. ಎಂಬತ್ತರ ಹತ್ರ ಇರ್ಬೇಕು. ಹೋದ ವರ್ಷ ಗೋಡೌನಿಗೆ ದಿನಾ ಬಂದು ದಿನವಹಿ ತೆಗೆಸ್ಕೊಂಡು ಮೂಲೆ ಮೇಜಲ್ಲಿ ಕೂತು ಬರ್ಕೊಳ್ತಿದ್ರಲ್ಲ, ನಾವು ಕತೆ ಬರೆಯೋ ಅಜ್ಜಿ ಅಂತಿದ್ವಲ್ಲ, ಅವರೇ. ಚಕ್ರದ ಪಕ್ಕ ಕುರ್ಚಿ ಹಾಕಿಸ್ಕೊಂಡು ಕೂತಿದ್ದಾರೆ. ಮಡಿಲಲ್ಲಿ ಬಟ್ಟೆ ಸುತ್ತಿದ ದೊಡ್ಡ ಪುಸ್ತಕ. ಮುಟ್ಟೋಕೆ ಬಿಡ್ತಿಲ್ಲ." ಅವರು ಉಸಿರು ತೆಗೆದುಕೊಂಡರು. "ಮೇಡಂ ಅವರನ್ನ ‘ಅಮ್ಮ’ ಅಂತ ಕರೀತಿದ್ದಾರೆ."

ಬೈಂಡರಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಆ ಅಮ್ಮ ಏನು ಕೇಳ್ತಿದ್ದಾರೆ?"

"ನೀರಿನ ತಾತನ ಮೊಮ್ಮಗನ್ನ ಕರೆಸಿ, ಅವರೇ ನನ್ನ ಮುಂದೆ ನಿಂತು ಇದನ್ನ ಗಟ್ಟಿಯಾಗಿ ಓದ್ಬೇಕು, ನಮ್ಮಪ್ಪ ಹೇಳಿದ ಮಾತು ಊರಿಗೆ ಕೇಳ್ಬೇಕು ಅಂತಿದ್ದಾರೆ. ಊರಿನವರೂ ಸೇರ್ತಿದ್ದಾರೆ, ಹಜಾರ ಅರ್ಧ ತುಂಬಿದೆ. ಇನ್ನೊಂದು ವಿಷಯ. ಮೇಡಂ ಕೈಯಲ್ಲಿ ಟೈಪ್ ಮಾಡಿಸಿದ ಎರಡು ಆದೇಶ ಇದೆ. ಒಂದರಲ್ಲಿ ಮನೆ ನಮಗೆ. ಇನ್ನೊಂದರಲ್ಲಿ ಇಲ್ಲ. ಯಾವುದಕ್ಕೆ ಸಹಿ ಹಾಕೋದು ಅಂತ ಓದಿ ಮುಗಿದ ಮೇಲೆ ಅವರಮ್ಮ ಹೇಳ್ತಾರಂತೆ."

ಅವಳು ತಿರುಗಿ ನೋಡಿದಳು. ಸ್ಟೇಷನ್ ಮಾಸ್ತರ ಪಿಸುಮಾತು ಕೋಣೆಗೆಲ್ಲ ಕೇಳುವಷ್ಟಿತ್ತು. ಡಾಕ್ಟರು ಆಗಲೇ ಗೂಟದಿಂದ ಕೋಟು ತೆಗೆದಿದ್ದರು. ಒಂದು ಕೈ ತೋಳಿಗೆ ಹೋಗಿತ್ತು. ಇನ್ನೊಂದಕ್ಕೆ ತೋಳು ಸಿಗುತ್ತಿರಲಿಲ್ಲ. ಬೈಂಡರಮ್ಮ ಫೋನು ಇಟ್ಟು, ಕೋಟಿನ ಆ ತೋಳನ್ನು ಹಿಡಿದುಕೊಟ್ಟಳು.